ಅಭ್ಯಂಜನವೂ ಮೈಯುಜ್ಜುವ ಹದವೂ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡ ಪಂಡಿತನೊಬ್ಬನು ಎದ್ದು ನಿಂತನೆಂದರೆ, ಪಂಪನಿಂದ ಆರಂಭಿಸಿ ಕುಮಾರವ್ಯಾಸನವರೆಗೆ ಬಂದು, ಊಟದ ಹೊತ್ತನ್ನು ಮೀರಿಸಿಯೇ ಕುಳಿತುಕೊಳ್ಳುತ್ತಾನೆಂಬ ಭಯ ಸಭಿಕರಿಗೆ ಇರುವುದು ಸಹಜ. ಈ ವರ್ಷ ನಮ್ಮ ಕಾರ್ಯದರ್ಶಿಗಳು ಮೊದಲೇ ಎಚ್ಚರಿಕೆ ವಹಿಸಿದರು. "ಪಂಡಿತರೇ, ಕಾವ್ಯವಿಚಾರ ಇರಲಿ. ಮನೆಮಂದಿಗೆಲ್ಲ ಉಪಯೋಗವಾಗುವಂಥ ನಾಲ್ಕು ಮಾತು ಹೇಳಿರಿ" ಎಂದರು. ಅವರ ಅಪ್ಪಣೆಯನ್ನು ಶಿರಸಾವಹಿಸಿ ನಾನು ಕಾವ್ಯಮಂದಿರವನ್ನು ಬಿಟ್ಟು ಬಚ್ಚಲುಮನೆಗೆ ಬಂದಿದ್ದೇನೆ. ಮೈಗೆ ಎಣ್ಣೆ ಹಚ್ಚಿ, ಹಿಟ್ಟಿನಿಂದ ಉಜ್ಜಿ, ನೀರೆರೆದುಕೊಳ್ಳುವ ನಮ್ಮ ಹಳೆಯ ಪದ್ಧತಿ, ಅದರಲ್ಲಿರುವ ತಿಳಿವಳಿಕೆ, ಅದರ ಹೆಸರಿನಲ್ಲಿ ನಡೆಯುವ ಅತಿರೇಕ — ಇವೇ ಇಂದಿನ ವಿಷಯ. ವಿಷಯ ಸಣ್ಣದೆಂದು ತೋರಬಹುದು. ಆದರೆ ಇದರಲ್ಲಿ ನಮ್ಮ ಮಕ್ಕಳ ಆರೋಗ್ಯವೂ ಇದೆ, ಅವರ ಆತ್ಮಗೌರವವೂ ಇದೆ ಎಂಬುದನ್ನು ಮುಂದೆ ಅರಿಕೆ ಮಾಡುತ್ತೇನೆ.

ಮೊದಲು ಪಂಡಿತನ ಚಪಲವನ್ನು ಒಂದಿಷ್ಟು ತೀರಿಸಿಕೊಳ್ಳಲು ಅನುಮತಿ ಕೊಡಿ. 'ಎಣ್ಣೆ' ಎಂಬ ಮಾತನ್ನು ಬಿಡಿಸಿದರೆ 'ಎಳ್', 'ನೆಯ್' ಎಂಬ ಎರಡು ಮಾತುಗಳು ಸಿಗುತ್ತವೆ. ಎಳ್ಳಿನ ಜಿಡ್ಡು ಎಂದು ಅರ್ಥ. ನೆರೆಮನೆಯ ತಮಿಳಿನ 'ಎಣ್ಣೆಯ್' ಕೂಡ ಅದೇ ಬೇರಿನದು. ನಮ್ಮ 'ತೊಗಲು' ಅವರ 'ತೋಲ್'. ನಮ್ಮ 'ಸೀಗೆಕಾಯಿ' ಅವರ 'ಸೀಯಕ್ಕಾಯ್'. ಈ ಊರಿನ ಅಂಗಡಿಗಳಲ್ಲಿ 'ಅರಪ್ಪು' ಎಂದು ಮಾರುವ ಹಸಿರು ಸೊಪ್ಪಿನ ಪುಡಿಯನ್ನು ನೀವೆಲ್ಲರೂ ಬಲ್ಲಿರಿ. ಎಣ್ಣೆಯ ಜಿಡ್ಡು ತೆಗೆಯುವುದಕ್ಕೆ ಕೊಂಗುನಾಡಿನಲ್ಲಿ ಅದಕ್ಕೆ ಸಮನಾದುದಿಲ್ಲ. ಅದೇ ಪುಡಿಗೆ ಮೈಸೂರು ಸೀಮೆಯಲ್ಲಿ 'ಚಿಗರೆಪುಡಿ' ಎಂದು ಹೆಸರು. ಮರ ಒಂದೇ, ಸೊಪ್ಪು ಒಂದೇ. ಗಡಿ ದಾಟಿದಾಗ ಹೆಸರು ಮಾತ್ರ ಬದಲಾಯಿತು.

ಗಡಿಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳುತ್ತೇನೆ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ನಮ್ಮ ಧಾರಾಪುರ ಆಮೇಲೆ ಕೊಯಮತ್ತೂರು ಜಿಲ್ಲೆಗೆ ಸೇರಿತು. 1979ರಲ್ಲಿ ಈರೋಡಿನ ಕಡೆಗೆ ಹೋಯಿತು. 2009ರಿಂದ ತಿರುಪ್ಪೂರು ಜಿಲ್ಲೆಯಲ್ಲಿದೆ. ಕಾಗದದ ಮೇಲಿನ ಗೆರೆಗಳು ಹೀಗೆ ಸರಿದಾಡಿದರೂ ದೇವಾಂಗರ ಮಗ್ಗದ ಮನೆಗಳಲ್ಲಿ, ಒಕ್ಕಲಿಗರ, ಅನುಪ್ಪರ ಹಟ್ಟಿಗಳಲ್ಲಿ ಮನೆಮಾತು ಕನ್ನಡವಾಗಿಯೇ ಉಳಿದುಬಂದಿತು. ಅದು ಎಲ್ಲಿ ಉಳಿಯಿತೆಂದು ಕೇಳಿದರೆ, ಕಚೇರಿಯಲ್ಲಲ್ಲ, ಪೇಟೆಯಲ್ಲಲ್ಲ. ಅಡುಗೆಯ ಒಲೆಯ ಮುಂದೆ, ಬಚ್ಚಲ ಹಂಡೆಯ ಪಕ್ಕದಲ್ಲಿ. ಹಂಡೆ, ತಂಬಿಗೆ, ಎರೆಯುವುದು, ಸೀಗೆ, ಅಂಟುವಾಳ — ಈ ಮಾತುಗಳನ್ನು ನಮಗೆ ಕಲಿಸಿದವರು ಮೇಷ್ಟರಲ್ಲ, ಅಜ್ಜಿಯರು. ದೀಪಾವಳಿಗೆ ಮುನ್ನ ಬರುವ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿ ಪೂಜಿಸುವ ಪದ್ಧತಿ ಬಚ್ಚಲುಮನೆಗೂ ನಾವು ಕೊಟ್ಟಿದ್ದ ಗೌರವಕ್ಕೆ ಸಾಕ್ಷಿ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಮೈಯನ್ನು ಉಜ್ಜಬೇಕಾದುದೇಕೆ?

ಹಾವು ಪೊರೆ ಬಿಡುವುದನ್ನು ನಾವು ಬಲ್ಲೆವು. ಮನುಷ್ಯನೂ ಪೊರೆ ಬಿಡುತ್ತಾನೆ. ಆದರೆ ಹಾವಿನಂತೆ ಒಮ್ಮೆಗೇ ಅಂಗಿ ಕಳಚಿದ ಹಾಗೆ ಅಲ್ಲ, ದಿನದಿನವೂ ಕಣ್ಣಿಗೆ ಕಾಣದಂತೆ. ನಮ್ಮ ಚರ್ಮದ ಮೇಲುಪದರದ ತಳದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಚಪ್ಪಟೆಯಾಗಿ, ಒಣಗಿ, ಕೊನೆಗೆ ನಿರ್ಜೀವವಾದ ಹೊಟ್ಟಿನಂತಾಗಿ ಉದುರಿಹೋಗುತ್ತವೆ. ಪ್ರಾಯದವರಲ್ಲಿ ಈ ಪ್ರಯಾಣಕ್ಕೆ ಸುಮಾರು 4 ವಾರ ಬೇಕು; ವಯಸ್ಸಾದಂತೆ ಇನ್ನೂ ನಿಧಾನವಾಗುತ್ತದೆ. ಅತ್ಯಂತ ಮೇಲಿರುವ ಈ ನಿರ್ಜೀವ ಕಣಗಳ ಪದರವನ್ನು ವ್ಯರ್ಥವೆಂದು ತಿಳಿಯಬಾರದು. ಅದು ಮನೆಯ ಹೆಂಚಿನಂತೆ. ಒಂದರ ಮೇಲೊಂದು ಜೋಡಿಸಿದ ಆ ಹೆಂಚುಗಳ ನಡುವೆ ಸಹಜವಾದ ಜಿಡ್ಡು ಗಾರೆಯಂತೆ ನಿಂತು, ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಕ್ರಿಮಿ ಒಳಗೆ ಬರದಂತೆ ಕಾಯುತ್ತದೆ.

ಸಡಿಲವಾದ ಹೆಂಚು ತಾನಾಗಿ ಬೀಳಬೇಕು. ಕೆಲವೊಮ್ಮೆ ಬೀಳದೆ ಬೆವರು, ಧೂಳು, ಜಿಡ್ಡುಗಳ ಜೊತೆ ಸೇರಿ ಅಂಟಿಕೊಂಡಿರುತ್ತದೆ. ಆಗ ಚರ್ಮ ಮಂಕಾಗಿ, ಒರಟಾಗಿ ತೋರುತ್ತದೆ. ನಮ್ಮ ಸೀಮೆಯಲ್ಲಿ ಇದು ಹೆಚ್ಚು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿಬರುವ ಗಾಳಿ ಈ ಬಯಲನ್ನು ತಿಂಗಳುಗಟ್ಟಲೆ ಒಣಗಿಸುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತೆಂದು ತಮಿಳರು ಗಾದೆ ಮಾಡಿದ್ದಾರೆ. ಆ ಗಾಳಿಯನ್ನು ನಂಬಿಯೇ ಈಗ ನಮ್ಮ ಹೊಲಗಳ ನಡುವೆ ಗಾಳಿಯಂತ್ರಗಳು ತಲೆಯೆತ್ತಿ ನಿಂತಿವೆ. ಇಂಥ ಗಾಳಿಗೆ ಕಲ್ಲೇ ಹಾರುವುದಾದರೆ ತೊಗಲು ಬಿರಿಯುವುದರಲ್ಲಿ ಆಶ್ಚರ್ಯವೇನು? ಹೀಗಿರಲು, ಉದುರಬೇಕಾದುದು ಉದುರುವುದಕ್ಕೆ ಸ್ವಲ್ಪ ನೆರವಾಗುವುದೇ ಮೈಯುಜ್ಜುವುದರ ತಾತ್ಪರ್ಯ. ನೆರವು ಎಂಬ ಮಾತನ್ನು ದಯವಿಟ್ಟು ನೆನಪಿಡಿ. ಸಡಿಲವಾದ ಹೆಂಚನ್ನು ತೆಗೆಯುವುದು ಬೇರೆ, ಮಾಡನ್ನೇ ಕಿತ್ತುಹಾಕುವುದು ಬೇರೆ.

ನಮ್ಮ ಹಿರಿಯರು ಈ ಹದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ಮೊದಲು ಅಭ್ಯಂಗವನ್ನೂ, ಅನಂತರ ಉದ್ವರ್ತನವನ್ನೂ ಹೇಳುತ್ತಾನೆ. ಉದ್ವರ್ತನವೆಂದರೆ ಹಿಟ್ಟು ಚೂರ್ಣಗಳಿಂದ ಮೈ ತಿಕ್ಕುವುದು. ಅದು ಅಂಗಗಳನ್ನು ಬಿಗಿಗೊಳಿಸಿ ಚರ್ಮವನ್ನು ನಿರ್ಮಲಗೊಳಿಸುವುದೆಂದು ಅವನ ಮತ. ಸುಶ್ರುತ ಸಂಹಿತೆಯಲ್ಲಿ ಜಿಡ್ಡಿಲ್ಲದೆ ಉಜ್ಜುವುದಕ್ಕೆ ಉದ್ಘರ್ಷಣವೆಂದೂ, ಜಿಡ್ಡು ಬೆರೆಸಿದ ಕಲ್ಕದಿಂದ ತಿಕ್ಕುವುದಕ್ಕೆ ಉತ್ಸಾದನವೆಂದೂ ಬೇರೆ ಬೇರೆ ಹೆಸರುಗಳಿವೆ. ನಮ್ಮ ಕನ್ನಡನಾಡಿನ ದೊರೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಸ್ನಾನಭೋಗಕ್ಕೆಂದೇ ಒಂದು ಭಾಗವಿದೆ. ರಾಜ್ಯಭಾರದ ನಡುವೆಯೂ ಅರಸನೊಬ್ಬನು ಸ್ನಾನದ ವಿಷಯವನ್ನು ಗ್ರಂಥಕ್ಕೆ ತಕ್ಕ ವಿಷಯವೆಂದು ಎಣಿಸಿದನು. ಆದಕಾರಣ ಪಂಡಿತನು ಬಚ್ಚಲಿನ ಮಾತೆತ್ತಿದನೆಂದು ನೀವು ಆಕ್ಷೇಪಿಸುವಂತಿಲ್ಲ!

ಇನ್ನು ಆ ಪದ್ಧತಿಯ ಒಳಗುಟ್ಟನ್ನು ನೋಡೋಣ. ಮೊದಲು ಎಣ್ಣೆ. ಅದು ಒಣಗಿದ ಪದರವನ್ನು ಮೆದುಮಾಡಿ ಅಂಟಿಕೊಂಡ ಹೊಟ್ಟನ್ನು ಸಡಿಲಿಸುತ್ತದೆ. ಆಮೇಲೆ ಬಿಸಿನೀರಿನ ಹಬೆ. ಅನಂತರ ನಯವಾದ ಹೆಸರುಹಿಟ್ಟು ಅಥವಾ ಕಡಲೆಹಿಟ್ಟು. ಹಿಟ್ಟು ಹೆಚ್ಚಾದ ಜಿಡ್ಡನ್ನು ಹೀರಿಕೊಂಡು, ತನ್ನ ಮೃದುವಾದ ತರಿಯಿಂದ ಸಡಿಲವಾದುದನ್ನಷ್ಟೇ ಎತ್ತಿಕೊಂಡು ಬರುತ್ತದೆ. ಅದು ಚರ್ಮವನ್ನು ಕೆರೆಯುವಷ್ಟು ಗಟ್ಟಿಯಲ್ಲ. ಸೀಗೆ, ಅಂಟುವಾಳಗಳಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ದ್ರವ್ಯ ಸ್ವಭಾವತಃ ಇದೆ. ಎಣ್ಣೆಯ ರಕ್ಷೆಯಿಲ್ಲದೆ ಉಜ್ಜುವುದು ನಮ್ಮ ಮನೆಗಳ ಕ್ರಮವಾಗಿರಲಿಲ್ಲ. ಅದೂ ವಾರಕ್ಕೊಮ್ಮೆ, ಗಂಡಸರಿಗೆ ಶನಿವಾರ, ಹೆಂಗಸರಿಗೆ ಶುಕ್ರವಾರ. ವಾರದ ಲೆಕ್ಕದಲ್ಲಿ ಶಾಸ್ತ್ರವಿದ್ದರೂ ಇರಲಿ, ಬಿಟ್ಟರೂ ಬಿಡಲಿ. ಚರ್ಮಕ್ಕೆ ಆರು ದಿನ ಬಿಡುವು ಸಿಗುತ್ತಿತ್ತೆಂಬುದು ದೊಡ್ಡ ಲಾಭ.

ಸಾಬೂನು ಬಂದ ಮೇಲೆ ಕ್ರಮ ಬದಲಾಯಿತು. ಬೆಂಗಳೂರಿನಲ್ಲಿ ಸರ್ಕಾರೀ ಸಾಬೂನು ಕಾರ್ಖಾನೆ ಸ್ಥಾಪಿತವಾಗಿ, ಶ್ರೀಗಂಧದ ಪರಿಮಳದ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದದ್ದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯವೇ ಸರಿ. ಸಾಬೂನಿನಿಂದ ಶುಚಿತ್ವ ಹೆಚ್ಚಿತು, ರೋಗ ತಗ್ಗಿತು. ಅದನ್ನು ನಿಂದಿಸುವುದು ಕೃತಘ್ನತೆಯಾದೀತು. ಆದರೆ ಸಾಬೂನು ಕ್ಷಾರಗುಣದ್ದು, ನಮ್ಮ ಚರ್ಮದ ಮೇಲ್ಮೈ ಕೊಂಚ ಆಮ್ಲಗುಣದ್ದು. ಸಾಬೂನನ್ನು ಇಡೀ ಮೈಗೆ ಮತ್ತೆ ಮತ್ತೆ ತಿಕ್ಕಿದರೆ ಹೆಂಚುಗಳ ನಡುವಣ ಗಾರೆಯೂ ಕರಗಿಹೋಗುತ್ತದೆ. ಕೊಳವೆಬಾವಿಯ ಗಡಸುನೀರಿನಲ್ಲಿ ನೊರೆ ಬಾರದೆ ಜನ ಇನ್ನಷ್ಟು ತಿಕ್ಕುತ್ತಾರೆ. ತಿಕ್ಕಿದಷ್ಟೂ ಮೈ ಒಣಗುತ್ತದೆ.

ಸಾಬೂನಿನ ಹಿಂದೆಯೇ ನೈಲಾನ್ ಬಲೆಯ ಉಜ್ಜುಗ ಬಂದಿತು. ಮೊದಲು ತುಪ್ಪದ ಹೀರೆಯ ಒಣಗಿದ ನಾರು ಇತ್ತು. ಅದನ್ನು ನೀರಿನಲ್ಲಿ ನೆನೆಸಿದರೆ ಮೆದುವಾಗುತ್ತಿತ್ತು. ನೈಲಾನ್ ಹಾಗಲ್ಲ. ದಿನವೂ ಅದರಿಂದ ಬೆನ್ನು, ಕೊರಳೆಲುಬು, ಮೊಣಕೈಗಳನ್ನು ಬಲವಾಗಿ ತಿಕ್ಕುವವರಲ್ಲಿ ಆ ಜಾಗಗಳೇ ಕಪ್ಪುಗಟ್ಟುವುದನ್ನು ಜಪಾನಿನ ವೈದ್ಯರೂ ನಮ್ಮ ದೇಶದ ವೈದ್ಯರೂ ಗುರುತಿಸಿದ್ದಾರೆ. ವಿಪರ್ಯಾಸವನ್ನು ನೋಡಿ: ಕಪ್ಪು ಹೋಗಲೆಂದು ಉಜ್ಜುತ್ತಾರೆ, ಉಜ್ಜಿದ್ದರಿಂದಲೇ ಕಪ್ಪಾಗುತ್ತದೆ, ಕಪ್ಪಾಯಿತೆಂದು ಮತ್ತೂ ಉಜ್ಜುತ್ತಾರೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಲ್ಲಿ ನಾನು ಕಂಡ ಒಂದು ಸಂಗತಿಯನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಓದಿನಲ್ಲಿ ಚುರುಕು, ಹಳಗನ್ನಡವನ್ನೂ ತಡವರಿಸದೆ ಓದುವಳು. ಒಂದು ಸೋಮವಾರ ಬಿಸಿಲಿನ ಹೊತ್ತಿನಲ್ಲಿಯೂ ಕತ್ತಿಗೆ ದುಪಟ್ಟಾ ಸುತ್ತಿಕೊಂಡು ಬಂದಳು. ಜೊತೆಯ ಹುಡುಗಿಯರಿಂದ ತಿಳಿದದ್ದಿಷ್ಟು: ಅವಳ ಕತ್ತಿನ ಹಿಂಭಾಗ ಕಪ್ಪಾಗಿದ್ದಿತು, ತರಗತಿಯಲ್ಲಿ ಯಾರೋ "ಸ್ನಾನ ಮಾಡುವುದಿಲ್ಲವೇ?" ಎಂದು ಹಂಗಿಸಿದ್ದರು, ಮನೆಯಲ್ಲಿ ತಾಯಿ ಅದು ಕೊಳೆಯೆಂದೇ ತಿಳಿದು, ಪಾತ್ರೆ ತಿಕ್ಕುವ ನಾರಿನಿಂದ, ನಿಂಬೆರಸ ಸಕ್ಕರೆಗಳನ್ನು ಹಚ್ಚಿ, ರಕ್ತ ಜಿನುಗುವವರೆಗೆ ತಿಕ್ಕಿದ್ದರು. ಆ ತಾಯಿ ಕಠೋರಳಲ್ಲ. ಮಗಳಿಗೆ ಅವಮಾನವಾಗಬಾರದೆಂಬ ಸಂಕಟವೇ ಅವರ ಕೈಯನ್ನು ಅಷ್ಟು ಬಿರುಸಾಗಿಸಿತ್ತು.

ತಾಯಿಮಗಳಿಬ್ಬರನ್ನೂ ಸಮಾಧಾನಪಡಿಸಿ ವೈದ್ಯರ ಬಳಿಗೆ ಕಳುಹಿಸಿದೆವು. ವೈದ್ಯರು ನೋಡಿದೊಡನೆಯೇ ಹೇಳಿದರಂತೆ: "ಅಮ್ಮಾ, ಇದು ಕೊಳೆಯಲ್ಲ. ಎಷ್ಟು ತಿಕ್ಕಿದರೂ ಹೋಗದು. ಇದು ಒಳಗಿನಿಂದ ಬಂದ ಸೂಚನೆ." ಆ ಚಿಹ್ನೆಗೆ ವೈದ್ಯಶಾಸ್ತ್ರದಲ್ಲಿ ಅಕ್ಯಾಂಥೋಸಿಸ್ ನೈಗ್ರಿಕಾನ್ಸ್ ಎಂದು ಹೆಸರು. ಕತ್ತಿನ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ ಚರ್ಮ ದಪ್ಪನಾಗಿ, ಮಖಮಲ್ಲಿನಂತೆ, ಕಪ್ಪಾಗಿ ತೋರುತ್ತದೆ. ಮೈ ತೂಕ ಹೆಚ್ಚಾದವರಲ್ಲಿ, ಮನೆತನದಲ್ಲಿ ಮಧುಮೇಹ ಉಳ್ಳವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ದೇಹವು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳದೆ ಹೋದಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗುತ್ತದೆ. ಅದು ಚರ್ಮದ ಕೋಶಗಳನ್ನು ಅತಿಯಾಗಿ ಬೆಳೆಯುವಂತೆ ಪ್ರಚೋದಿಸುತ್ತದೆ. ಅಂದರೆ ಮುಂದೆ ಸಕ್ಕರೆ ಕಾಯಿಲೆ ಬಂದೀತೆಂದು ಚರ್ಮವು ಮುಂಚಿತವಾಗಿಯೇ ಎಚ್ಚರಿಸುತ್ತಿರಬಹುದು. ಅಪರೂಪವಾಗಿ ಬೇರೆ ಕಾರಣಗಳೂ ಇರುವುದುಂಟು. ಅದನ್ನು ವೈದ್ಯರೇ ನಿರ್ಣಯಿಸಬೇಕು. ಇದು ಅಂಟುರೋಗವಲ್ಲ, ಅಶುಚಿಯೂ ಅಲ್ಲ. ರಕ್ತಪರೀಕ್ಷೆ, ಹಿತಮಿತವಾದ ಆಹಾರ, ಆಟಪಾಟ, ತೂಕದ ಇಳಿತ — ಇವುಗಳಿಂದ ಅದು ಕ್ರಮೇಣ ತಗ್ಗುತ್ತದೆ. ಆ ಹುಡುಗಿಯ ಗಾಯ ಎರಡು ವಾರದಲ್ಲಿ ಮಾಯಿತು. ಅವಳನ್ನು ಹಂಗಿಸಿದವರ ಮಾತು ಮಾಯುವುದಕ್ಕೆ ಹೆಚ್ಚು ಕಾಲ ಹಿಡಿಯಿತು.

ತಾಯಂದಿರೇ, ಇಂದು ನನ್ನ ಭಾಷಣದಲ್ಲಿ ಬೇರೆ ಏನನ್ನು ಮರೆತರೂ ಚಿಂತೆಯಿಲ್ಲ, ಇದೊಂದನ್ನು ಮರೆಯಬೇಡಿ: ಮಗುವಿನ ಕತ್ತಿನಲ್ಲಿ ತೊಳೆದರೂ ಹೋಗದ ಕಪ್ಪು ಕಂಡರೆ ನಾರನ್ನು ಎತ್ತಿಕೊಳ್ಳಬೇಡಿ, ವೈದ್ಯರ ಬಳಿಗೆ ಹೋಗಿರಿ.

ಈ ಪ್ರಸಂಗದ ಹಿಂದೆ ಇನ್ನೂ ಆಳವಾದ ಒಂದು ತಪ್ಪುಕಲ್ಪನೆಯಿದೆ. ಉಜ್ಜಿದರೆ ಬಣ್ಣ ತಿಳಿಯಾಗುವುದೆಂಬ ನಂಬಿಕೆಯೇ ಅದು. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದನ್ನು ತಯಾರಿಸುವ ಕೋಶಗಳು ಮೇಲುಪದರದ ಅಡಿಯಲ್ಲಿ, ಯಾವ ಹಿಟ್ಟೂ ಯಾವ ನಾರೂ ತಲುಪದ ಕಡೆ ಇವೆ. ಬಿಳಿಯರಲ್ಲಿಯೂ ಕರಿಯರಲ್ಲಿಯೂ ಅಂಥ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ವರ್ಣದ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ. ಆ ವರ್ಣವು ನಮ್ಮ ಉರಿಬಿಸಿಲಿನಿಂದ ಮೈಯನ್ನು ಕಾಯುವ ಕೊಡೆ. ಉಜ್ಜಿದಾಗ ಹೋಗುವುದು ಕೊಳೆ ಮತ್ತು ಹೊಟ್ಟು, ಬಣ್ಣವಲ್ಲ. ಅದಲ್ಲದೆ ನಮ್ಮಂಥವರ ಚರ್ಮಕ್ಕೆ ಗಾಯವಾದರೆ ಮಾಯುವಾಗ ಅಲ್ಲಿ ಹೆಚ್ಚು ಕಪ್ಪು ಕಲೆ ಉಳಿಯುತ್ತದೆ.

ಹೀಗಿದ್ದರೂ ಬಿಳಿಯ ಬಣ್ಣದ ವ್ಯಾಪಾರ ಎಷ್ಟೋ ಕಾಲ ನಡೆಯಿತು. 1975ರಿಂದ 'ಫೇರ್' ಎಂಬ ಹೆಸರನ್ನು ಹೊತ್ತು ನಮ್ಮ ದೇಶದಲ್ಲಿ ಮಾರಾಟವಾದ ಪ್ರಸಿದ್ಧ ಮುಲಾಮೊಂದು 2020ರಲ್ಲಿ ಆ ಶಬ್ದವನ್ನು ಕೈಬಿಡಬೇಕಾಯಿತು. ಆದರೆ ಶಬ್ದ ಹೋದ ಮಾತ್ರಕ್ಕೆ ಆಸೆ ಹೋಗಲಿಲ್ಲ. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ಕೆಲವು ಬಿಳುಪಿನ ಮುಲಾಮುಗಳಲ್ಲಿ ಪಾದರಸ ಇರುವುದುಂಟು. ಅದು ಮೂತ್ರಪಿಂಡಗಳನ್ನೇ ಕೆಡಿಸಬಲ್ಲ ವಿಷ. ಇನ್ನು ಕೆಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ. ಹಚ್ಚಿದ ಹೊಸದರಲ್ಲಿ ಮುಖ ಹೊಳೆದು, ತಿಂಗಳು ಕಳೆಯುವಷ್ಟರಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆಗಳಿಂದ ತುಂಬುತ್ತದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮುಟ್ಟಕೂಡದು.

ಕಪ್ಪನ್ನು ಕೀಳೆಂದು ನಮಗೆ ಕಲಿಸಿದವರಾರು? ಕರುನಾಡು ಎಂದರೆ ಕರಿಯ ಮಣ್ಣಿನ ನಾಡು ಎಂದು ಅರ್ಥ ಹೇಳಿದ ವಿದ್ವಾಂಸರಿದ್ದಾರೆ. ಕರಿಯಪ್ಪ, ಕರಿಯಮ್ಮ ಎಂದು ದೇವರ ಹೆಸರನ್ನೂ ಮಕ್ಕಳ ಹೆಸರನ್ನೂ ಇಟ್ಟವರು ನಾವು. ನಾವು ಪೂಜಿಸುವ ಕೃಷ್ಣ ಮೇಘಶ್ಯಾಮ. 'ಎಣ್ಣೆಗೆಂಪು', 'ಎಣ್ಣೆಗಪ್ಪು' ಎಂದು ಮೈಬಣ್ಣದ ಬೆಡಗುಗಳನ್ನು ಸೂಕ್ಷ್ಮವಾಗಿ ಗುರುತಿಸಿ ಪ್ರೀತಿಯಿಂದ ಹೆಸರಿಟ್ಟ ಭಾಷೆ ನಮ್ಮದು. ಹೆಣ್ಣು ನೋಡಲು ಬಂದವರ ಮುಂದೆ ಆ ಮಾತುಗಳನ್ನು ಮರೆತು ಮಗಳ ಮುಖವನ್ನು ತಿಕ್ಕುವುದು ಭಾಷೆಗೂ ದ್ರೋಹ, ಮಗಳಿಗೂ ದ್ರೋಹ.

ಹಸುಗೂಸುಗಳ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹುಟ್ಟಿದ ಮಗುವಿನ ಮೈಮೇಲಿನ ಬಿಳಿಯ ಜಿಡ್ಡನ್ನು ತಿಕ್ಕಿ ತೆಗೆಯಬಾರದು. ಅದು ಪ್ರಕೃತಿಯೇ ಹಚ್ಚಿದ ರಕ್ಷೆ. ಮೊದಲ ಸ್ನಾನವನ್ನು 24 ಗಂಟೆಗಳಾದರೂ ಮುಂದೂಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನವಿರು ಕೂದಲು ಹೋಗಲೆಂದೂ ಬಣ್ಣ ಬರಲೆಂದೂ ಹಿಟ್ಟಿನ ಉಂಡೆಯಿಂದ ಕೂಸಿನ ಮೈ ಹೊಸೆಯುವ ಪದ್ಧತಿಯನ್ನು ಬಿಡುವುದು ಲೇಸು. ಆ ಕೂದಲು ತಾನಾಗಿಯೇ ಉದುರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಕ್ರಮ ಬಹಳ ಸರಳ. ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಾಕು. ಎಳ್ಳೆಣ್ಣೆಯನ್ನೋ ಕೊಬ್ಬರಿಯೆಣ್ಣೆಯನ್ನೋ ಉಗುರುಬೆಚ್ಚಗೆ ಮಾಡಿ ಮೈಗೆ ಹಚ್ಚಿ ಅರ್ಧ ಗಂಟೆ ಬಿಡಿ. ಮೊಡವೆ ಹೆಚ್ಚಾಗಿರುವವರು ಮುಖಕ್ಕೆ ಎಣ್ಣೆ ಹಚ್ಚಬೇಕಾಗಿಲ್ಲ. ಹೆಸರುಹಿಟ್ಟನ್ನು ತೆಳ್ಳನೆಯ ಬಟ್ಟೆಯಲ್ಲಿ ಸೋಸಿ, ನೀರಿನಲ್ಲೋ ಮೊಸರಿನಲ್ಲೋ ಕಲಸಿಕೊಳ್ಳಿ. ಮೊಸರಿನ ಹುಳಿಯಲ್ಲಿರುವ ಲ್ಯಾಕ್ಟಿಕ್ ಆಮ್ಲವೂ ಹೊಟ್ಟನ್ನು ಸಡಿಲಿಸಬಲ್ಲುದು; ಇಂದು ಅಂಗಡಿಯಲ್ಲಿ ಸೀಸೆಗಳಲ್ಲಿ ಮಾರುವ ಆಮ್ಲಗಳ ಬಂಧುವೇ ಅದು. ಆದರೆ ಸೀಸೆಯ ಆಮ್ಲಗಳ ಬಲ ಹೆಚ್ಚು. ತಿಳಿದವರನ್ನು ಕೇಳದೆ ಹಚ್ಚಬೇಡಿ. ಬೆರಳ ತುದಿಗಳಿಂದ ಸುತ್ತುಸುತ್ತಾಗಿ, ಮಗುವಿನ ಕೆನ್ನೆ ಸವರುವಷ್ಟೇ ಬಲದಿಂದ, ಒಂದು ನಿಮಿಷ ತಿಕ್ಕಿರಿ. ಬೆಚ್ಚನೆಯ ನೀರೆರೆದು, ಬಟ್ಟೆಯಿಂದ ಒರೆಸದೆ ಒತ್ತಿಕೊಳ್ಳಿ. ಮೈ ಇನ್ನೂ ತೇವವಿರುವಾಗಲೇ ನಾಲ್ಕು ಹನಿ ಕೊಬ್ಬರಿಯೆಣ್ಣೆಯನ್ನು ಕೈಕಾಲುಗಳಿಗೆ ಸವರಿದರೆ ಆಷಾಢದ ಗಾಳಿ ನಿಮ್ಮನ್ನು ಏನೂ ಮಾಡಲಾರದು.

ಮಾಡಬಾರದುದು ಇಷ್ಟು. ಗಾಯ, ಇಸಬು, ಕೆರಳಿದ ಮೊಡವೆ, ಬಿಸಿಲಿಗೆ ಸುಟ್ಟ ಚರ್ಮ — ಇವುಗಳ ಮೇಲೆ ಉಜ್ಜಬೇಡಿ. ಉಪ್ಪು, ಸಕ್ಕರೆಯ ಹರಳುಗಳು ಮುಖಕ್ಕೆ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಬೊಬ್ಬೆ ಏಳುವುದುಂಟು. ಹಿಮ್ಮಡಿಯನ್ನು ಕಲ್ಲಿನಿಂದ ಉಜ್ಜಬಹುದು; ಆದರೆ ಮಧುಮೇಹಿಗಳು ಅದನ್ನೂ ಮಾಡಕೂಡದು, ಕಾಲಿನ ಸಣ್ಣ ಗಾಯವೂ ಅವರಿಗೆ ದೊಡ್ಡ ವಿಪತ್ತು. ಉಜ್ಜಿದ ಮೇಲೆ ಉರಿ, ಕೆಂಪು ಕಂಡರೆ ಹದ ತಪ್ಪಿತೆಂದೇ ತಿಳಿಯಿರಿ.

ಮಹನೀಯರೇ, ನಾನು ಹಳೆಯದನ್ನೆಲ್ಲ ಒಳ್ಳೆಯದೆಂದು ಹೊಗಳಲಿಲ್ಲ. ಹೊಸದನ್ನೆಲ್ಲ ಕೆಟ್ಟದೆಂದು ತೆಗಳಲಿಲ್ಲ. ಅಜ್ಜಿಯ ಹೆಸರುಹಿಟ್ಟು ಇರಲಿ, ವೈದ್ಯರ ಬುದ್ಧಿಮಾತೂ ಇರಲಿ. ಬರುವ ಶನಿವಾರ ನಿಮ್ಮ ಮನೆಯಲ್ಲಿ ಮಕ್ಕಳಿಗೆ ಎಣ್ಣೆನೀರು ಎರೆಯುವಾಗ ಹಂಡೆ, ತಂಬಿಗೆ, ಸೀಗೆ, ಚಿಗರೆ ಎಂಬ ಮಾತುಗಳನ್ನು ಅವರ ಕಿವಿಗೆ ಹಾಕಿರಿ. ಜೊತೆಯಲ್ಲಿಯೇ "ನಿನ್ನ ಬಣ್ಣ ಚೆಂದವಾಗಿದೆ ಕಂದಾ" ಎಂಬ ಮಾತನ್ನೂ ಹಾಕಿರಿ. 

ಸಿರಿಗನ್ನಡಂ ಗೆಲ್ಗೆ.